ಯಾರ್ಕ್‌ಷೈರ್‌ನಲ್ಲಿ ಎರಡು ವರ್ಷ: ಮಿಷನ್ ಪೇಪರ್ ಹಾಕುವ ಹುಡುಗರಿಗೆ

ಇಂಗ್ಲೆಂಡಿನಿಂದ ವಾಪಸ್ ಬಂದು ಇನ್ನೂ ತಿಂಗಳಾಗಿಲ್ಲ. ಭಾನುವಾರ ಸಭೆ ಮುಗಿಯುತ್ತಿದ್ದ ಹಾಗೆ ಮಿಷನ್ ಪೇಪರ್, ಅಂದರೆ ಧರ್ಮಸೇವೆಗೆ ಹೋಗುವ ಅರ್ಜಿ, ಹಾಕಲು ತಯಾರಾಗಿರುವ ಹುಡುಗರು ಸುತ್ತ ಸೇರುತ್ತಾರೆ. ಚಳಿ ಎಷ್ಟಿತ್ತು ಬ್ರದರ್, ಅನ್ನ ಸಿಗ್ತಿತ್ತಾ, ಬಾಗಿಲು ಮುಖಕ್ಕೇ ಹಾಕ್ತಾರಂತೆ ಹೌದಾ, ಎಲ್ಲ ಇಂಥವೇ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡುವುದು ವಾಸಿ ಅನ್ನಿಸಿತು.

ನಮ್ಮ ಸಭೆಯ ಪರಿಚಯ ಇಲ್ಲದವರೂ ಓದಬಹುದು, ಅದಕ್ಕೆ ಎರಡು ಮಾತು. ನಾವು ಯೇಸು ಕ್ರಿಸ್ತನ ಅಂತಿಮ ದಿನಗಳ ಸಂತರ ಸಭೆಯವರು. ಜನ ಮಾರ್ಮನ್ ಅನ್ನುತ್ತಾರೆ. ಆ ಅಡ್ಡಹೆಸರು ಬಿಡಿ ಅಂತ 2018ರಲ್ಲಿ ಆಗಿನ ಅಧ್ಯಕ್ಷರಾಗಿದ್ದ ರಸಲ್ ನೆಲ್ಸನ್ ಕೇಳಿಕೊಂಡರು, ಆದರೂ ಬಸ್ ಸ್ಟಾಪಿನಲ್ಲಿ ನಮ್ಮನ್ನು ಗುರುತಿಸುವವರ ಬಾಯಲ್ಲಿ ಅದೇ ಬರುತ್ತದೆ. 18 ತುಂಬಿದ ಹುಡುಗರು ಎರಡು ವರ್ಷ, ಹುಡುಗಿಯರು ಹದಿನೆಂಟು ತಿಂಗಳು, ಸಂಬಳವಿಲ್ಲದೆ ಸೇವೆಗೆ ಹೋಗುತ್ತೇವೆ. ಎಲ್ಲಿಗೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಇಲ್ಲಿಯ ಹುಡುಗರಿಗೆ ಹೆಚ್ಚಾಗಿ ಭಾರತದ ಒಳಗೇ ಕರೆ ಬರುತ್ತದೆ. ನಾನೂ ಹೆಚ್ಚೆಂದರೆ ಹೈದರಾಬಾದ್ ಕಡೆ ಅಂತ ಅಂದುಕೊಂಡಿದ್ದೆ. ಪೋರ್ಟಲ್ ತೆರೆದು ಓದಿದಾಗ ಇದ್ದದ್ದು ಇಂಗ್ಲೆಂಡ್, ಯಾರ್ಕ್‌ಷೈರ್ ಕಡೆಯ ಲೀಡ್ಸ್. ಅಮ್ಮ ಆ ಪತ್ರವನ್ನು ಇನ್ನೊಂದು ಸಲ ಓದಿಸಿದರು.

ಪೇಪರ್ ಅಂದರೂ ಈಗ ಎಲ್ಲ ಆನ್‌ಲೈನ್. ಬಿಷಪ್, ಅಂದರೆ ನಮ್ಮ ಸ್ಥಳೀಯ ಸಭೆಯ ಮುಖ್ಯಸ್ಥರ ಜೊತೆ ಒಂದು ಸಂದರ್ಶನ, ಅಂಥ ಹಲವು ಸಭೆಗಳ ಗುಂಪಾದ ಸ್ಟೇಕಿನ ಅಧ್ಯಕ್ಷರ ಜೊತೆ ಇನ್ನೊಂದು, ಡಾಕ್ಟರ್ ವರದಿ, ಹಲ್ಲಿನ ಡಾಕ್ಟರ್ ವರದಿ. ಹುಡುಗರು ಸಂದರ್ಶನಕ್ಕೆ ಹೆದರುತ್ತಾರೆ. ನಾನು ನೋಡಿದ ಹಾಗೆ ಅರ್ಜಿ ನಿಲ್ಲುವುದು ಹಲ್ಲಿನ ಹತ್ತಿರ. ಹುಳುಕು ಇದ್ದರೆ ತುಂಬಿಸಬೇಕು, ಬುದ್ಧಿಹಲ್ಲು ಅಡ್ಡ ಬೆಳೆದಿದ್ದರೆ ಕೀಳಿಸಬೇಕು, ಆಮೇಲೆ ಸಹಿ. ನನ್ನ ಕೆಳದವಡೆಯ ಊತ ಇಳಿಯುವವರೆಗೆ ಫಾರಂ ಅರ್ಧಕ್ಕೇ ನಿಂತಿತ್ತು. ಈ ಕೆಲಸ ಎಲ್ಲಕ್ಕಿಂತ ಮೊದಲು ಮುಗಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ ಸರ್ಕಾರಿ ದಂತವೈದ್ಯರ ಅಪಾಯಿಂಟ್‌ಮೆಂಟ್ ಎಷ್ಟು ಸುಲಭ ಅಂತ ಅಲ್ಲಿರುವ ಯಾರನ್ನಾದರೂ ಕೇಳಿ ನೋಡಿ, ಗೊತ್ತಾಗುತ್ತದೆ.

ಹಲ್ಲು ಮುಗಿದ ಮೇಲೆ ಹೆಸರು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆ ಎಷ್ಟೋ ಜನರದ್ದು ಹಾಗೇ, ಒಂದು ಹೆಸರು, ಅಪ್ಪನ ಹೆಸರಿನ ಒಂದು ಇನಿಶಿಯಲ್, ಮುಗಿಯಿತು. ಆದರೆ ಮಿಷನರಿಯನ್ನು ಕರೆಯುವುದೇ ಸರ್‌ನೇಮಿನಿಂದ, ‘ಎಲ್ಡರ್ ಇಂಥವರು’ ಅಂತ. ಹಾಗಾಗಿ ಸಭೆಯ ಅರ್ಜಿಯಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿ ಕೂತಿತ್ತು. ವೀಸಾಕ್ಕೆ ಬೇಕಾದ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟೂ ಅದೇ ಹೆಸರಿನಲ್ಲಿ ಬಂತು. ಪಾಸ್‌ಪೋರ್ಟ್ ಒಂದು ಹೇಳುತ್ತದೆ, ಸರ್ಟಿಫಿಕೇಟ್ ಇನ್ನೊಂದು ಹೇಳುತ್ತದೆ. ಸರಿಪಡಿಸಿದ ಪ್ರತಿ ಬರುವಷ್ಟರಲ್ಲಿ ಜನವರಿ ಕಳೆದು 2024ರ ಫೆಬ್ರುವರಿ 6 ಬಂತು, ಅವತ್ತಿನಿಂದ ವಲಸಿಗರು ಕಟ್ಟಬೇಕಾದ ಆರೋಗ್ಯ ಶುಲ್ಕ ವರ್ಷಕ್ಕೆ 624 ಪೌಂಡಿನಿಂದ 1,035ಕ್ಕೆ ಏರಿತು. ಎರಡು ವರ್ಷಕ್ಕೆ 2,070 ಪೌಂಡ್, ಅಂದಿನ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿಯ ಮೇಲೆ. ಸಭೆಯ ಕಚೇರಿ ಕಟ್ಟಿತು, ನಿಜ. ಆದರೂ ಅಪ್ಪ ಪೀಣ್ಯದ ಮಷೀನ್ ಶಾಪಿನಲ್ಲಿ ದುಡಿಯುವವರು, ಅಷ್ಟು ದುಡ್ಡು ತನ್ನ ಹೆಸರಿನ ಒಂದು ಸಾಲಿನಿಂದ ಹೆಚ್ಚಾಯಿತಲ್ಲ ಅಂತ ಬಹಳ ದಿನ ಹೇಳಿಕೊಂಡು ಓಡಾಡಿದರು. ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದನ್ನೇ, ಖಾಲಿ ಇದ್ದರೆ ಖಾಲಿಯಾಗಿಯೇ, ಎಲ್ಲ ಕಡೆ ಬರೆಸಿ. ಎದೆಯ ಮೇಲಿನ ಕಪ್ಪು ಫಲಕದಲ್ಲಿ ಯಾವ ಹೆಸರು ಬೇಕು ಅನ್ನುವುದನ್ನು ಪ್ರತ್ಯೇಕವಾಗಿ ಕೇಳಿಕೊಳ್ಳಬಹುದು.

ಇನ್ನೂ ಎರಡು ಸಂಗತಿ. ಕ್ಷಯದ ತಪಾಸಣೆ ಕಡ್ಡಾಯ, ಎದೆಯ ಎಕ್ಸ್‌ರೇ ತೆಗೆದು ಸರ್ಟಿಫಿಕೇಟ್ ಕೊಡುತ್ತಾರೆ, ಅದು ನಡೆಯುವುದು ಆರು ತಿಂಗಳು ಮಾತ್ರ. ಸ್ಪಾನ್ಸರ್‌ಶಿಪ್ ಕೈಗೆ ಬರುವ ಮೊದಲೇ ಉತ್ಸಾಹದಲ್ಲಿ ಮಾಡಿಸಿಕೊಳ್ಳಬೇಡಿ. ಎರಡನೆಯದು, ನನಗೆ ಸಿಕ್ಕಿದ್ದು ಧಾರ್ಮಿಕ ಸೇವೆಗೆ ಕೊಡುವ ತಾತ್ಕಾಲಿಕ ವೀಸಾ, ಅದಕ್ಕೆ 24 ತಿಂಗಳು ಗರಿಷ್ಠ ಮಿತಿ. ನಮ್ಮ ಮಿಷನ್ನೂ 24 ತಿಂಗಳು. ವಾಪಸ್ ಬರುವ ವಿಮಾನದ ತಾರೀಖು ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ, ಅಕ್ಕನ ಮದುವೆಗೆ ಇಂಥ ದಿನ ಬಂದೇ ಬರುತ್ತೇನೆ ಅಂತ ಮನೆಯಲ್ಲಿ ಯಾರಿಗೂ ಮಾತು ಕೊಡಬೇಡಿ.

ಪಾಸ್‌ಪೋರ್ಟನ್ನು ವೀಸಾ ಅರ್ಜಿ ಕೇಂದ್ರದಲ್ಲಿ ಕೊಟ್ಟು ಬಂದ ಮೇಲಿನ ವಾರಗಳು ಎಲ್ಲಕ್ಕಿಂತ ಕಷ್ಟ. ನಾನು ಬಿ.ಕಾಂ. ಮೊದಲ ವರ್ಷ ಅರ್ಧಕ್ಕೆ ಬಿಟ್ಟಿದ್ದೆ. ಸಭೆಯಲ್ಲಿ ಬೀಳ್ಕೊಡುಗೆ ಭಾಷಣ ಆಗಿಹೋಗಿತ್ತು, ಅತ್ತಿದ್ದೂ ಆಗಿತ್ತು, ಫೋಟೋ ಆಗಿತ್ತು, ಕೇಕೂ ಆಗಿತ್ತು. ಮುಂದಿನ ಭಾನುವಾರ ಅದೇ ಬೆಂಚಿನಲ್ಲಿ ಹೋಗಿ ಕೂತರೆ ಆಂಟಿಯಂದಿರು, ‘ಅಯ್ಯೋ ಇನ್ನೂ ಹೋಗಿಲ್ವೇನೋ?’ ಅದರ ಮುಂದಿನ ಭಾನುವಾರವೂ ಅದೇ. ವೀಸಾ ಕೈಗೆ ಬರುವ ತನಕ ಭಾಷಣ ಇಟ್ಟುಕೊಳ್ಳಬೇಡಿ, ದಯವಿಟ್ಟು.

ಖರ್ಚಿನ ಬಗ್ಗೆ ಮುಚ್ಚುಮರೆ ಬೇಡ. ಅಮೆರಿಕದ ಹುಡುಗರ ಮನೆಯವರು 2020ರ ಜುಲೈನಿಂದ ತಿಂಗಳಿಗೆ 500 ಡಾಲರ್ ಕೊಡುತ್ತಾರೆ. ನಮ್ಮಂಥವರ ಮನೆಯವರು ಕೈಲಾದಷ್ಟು ಕೊಡುವುದು, ಉಳಿದದ್ದು ಮಿಷನರಿ ನಿಧಿಯಿಂದ. ನಮ್ಮ ಕೈಯಿಂದ ಹೋದದ್ದು ಬಟ್ಟೆಬರೆಗೆ. ಸೂಟ್ ಚಿಕ್ಕಪೇಟೆಯಲ್ಲಿ ಹೊಲಿಸಿದ್ದು, ಎರಡು ವರ್ಷ ಚೆನ್ನಾಗಿಯೇ ಬಾಳಿತು. ಬ್ರಿಗೇಡ್ ರೋಡಿನಲ್ಲಿ ಕೊಂಡ ದಪ್ಪ ಕೋಟು ಮಾತ್ರ ಹಲ್ ನಗರದ ಒಂದು ಮಳೆಗೆ ನೀರು ಕುಡಿದು ಕೂತಿತು. ಕೋಟು, ಕೈಗವಸು, ಛತ್ರಿ ಬಳಸಿದ ಸಾಮಾನು ಮಾರುವ ಅಲ್ಲಿಯ ಚಾರಿಟಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ದುಡ್ಡು ಸುರಿಯುವುದಿದ್ದರೆ ಷೂ ಮೇಲೆ ಸುರಿಯಿರಿ.

ಅಮ್ಮನ ತವರು ಧಾರವಾಡ. ಹೊರಡುವ ಮೊದಲು ಅಜ್ಜಿಗೆ ಹೇಳಿಬರಲು ಹೋಗಿದ್ದೆ. ಅಜ್ಜಿ ಇವತ್ತಿಗೂ ಬಾಸೆಲ್ ಮಿಷನ್ನಿನವರು ಕಟ್ಟಿದ ಹಳೇ ಸಭೆಯವಳು, ನಾವು ಈ ಸಭೆಗೆ ಸೇರಿದ್ದು ಆಕೆಗೆ ಪೂರಾ ಒಪ್ಪಿಗೆಯಿಲ್ಲ. ‘ಅವರ ದೇಶಾದವರು ನಮಗ ಹೇಳಾಕ ಬಂದಿದ್ರು, ಈಗ ನೀ ಅವರಿಗೆ ಹೇಳಾಕ ಹೊಂಟಿ. ಹೋಗಿ ಬಾ’ ಅಂದಳು. ಆಮೇಲೆ, ‘ಚಾ ಕುಡಿಯಂಗಿಲ್ಲ ಅಂತೀರಿ. ಚಾ ಒಲ್ಲೆ ಅಂದವನ್ನ ಯಾರಪಾ ಒಳಗ ಕರೀತಾರ?’ ಅಂತ ಕೇಳಿದಳು. ನಮ್ಮಲ್ಲಿ ಚಹಾ, ಕಾಫಿ, ಮದ್ಯ, ತಂಬಾಕು ನಿಷೇಧ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಗ್ಲೆಂಡಿನಲ್ಲಿ ಅದೇ ಪ್ರಶ್ನೆ ಎಷ್ಟು ಸಲ ಎದುರಾಯಿತೋ.

ಮೊದಲ ವಾರದ ತರಬೇತಿ ಮನೆಯಿಂದಲೇ ಆನ್‌ಲೈನ್, ಮಿಕ್ಕದ್ದು ಲ್ಯಾಂಕಾಷೈರ್‌ನ ಚೋರ್ಲಿಯಲ್ಲಿ. ಅಲ್ಲಿ 1998ರಲ್ಲಿ ಸಮರ್ಪಣೆಯಾದ ನಮ್ಮ ಸಭೆಯ ಪ್ರೆಸ್ಟನ್ ದೇವಾಲಯದ ಪಕ್ಕವೇ ತರಬೇತಿ ಕೇಂದ್ರ. ದೇವಾಲಯ ಅಂದರೆ ನಾವು ಭಾನುವಾರ ಸೇರುವ ಕಟ್ಟಡವಲ್ಲ, ವಿಶೇಷ ವಿಧಿಗಳಿಗೆಂದೇ ಇರುವುದು, ಎಲ್ಲ ಊರಿನಲ್ಲೂ ಇರುವುದಿಲ್ಲ. ಬೆಂಗಳೂರಿಗೆ ದೇವಾಲಯ ಘೋಷಣೆಯಾಗಿದ್ದು 2018ರಲ್ಲಿ, ನಾನು ಹೊರಟಾಗ ಅದು ಇನ್ನೂ ಕಟ್ಟಡದ ಹಂತದಲ್ಲಿತ್ತು. ಹಾಗಾಗಿ ನಾನು ದೇವಾಲಯದ ಒಳಗೆ ಕಾಲಿಟ್ಟದ್ದು ಅಲ್ಲೇ ಮೊದಲು. ಪಕ್ಕದ ಪ್ರೆಸ್ಟನ್ ನಮ್ಮವರಿಗೆ ಮುಖ್ಯವಾದ ಊರು. 1837ರ ಜುಲೈನಲ್ಲಿ ಹೀಬರ್ ಕಿಂಬಲ್ ಮತ್ತು ಜೊತೆಯವರು ಅಮೆರಿಕದಿಂದ ಬಂದು ಅಲ್ಲಿ ಉಪದೇಶ ಶುರುಮಾಡಿ, ರಿಬಲ್ ನದಿಯಲ್ಲಿ ಮೊದಲ ದೀಕ್ಷಾಸ್ನಾನ ಕೊಟ್ಟರು. ಧಾರವಾಡಕ್ಕೆ ಬಾಸೆಲ್‌ನವರು ಬಂದದ್ದೂ 1837ರಲ್ಲೇ. ಅಜ್ಜಿಗೆ ಫೋನಿನಲ್ಲಿ ಇದನ್ನು ಹೇಳಿದೆ, ಆಕೆಗೇನೂ ಅಷ್ಟು ಆಶ್ಚರ್ಯವಾಗಲಿಲ್ಲ.

ನನ್ನ ಮೊದಲ ಊರು ಹಲ್. ತರಬೇತುದಾರ ಜೊತೆಗಾರ ಅಮೆರಿಕದ ಐಡಹೋದ ಆಲೂಗಡ್ಡೆ ಬೆಳೆಯುವ ಮನೆಯ ಹುಡುಗ. ಇಬ್ಬರೂ ಒಬ್ಬರ ಕಣ್ಣಿಗೆ, ಕಿವಿಗೆ ಇನ್ನೊಬ್ಬರು ಸಿಗುವಷ್ಟು ಹತ್ತಿರ ಇರಬೇಕು, ಬಚ್ಚಲಿಗೆ ಹೋದಾಗ ಬಿಟ್ಟು. ಬೆಳಿಗ್ಗೆ ಆರೂವರೆಗೆ ಏಳುವುದು, ಅರ್ಧ ಗಂಟೆ ವ್ಯಾಯಾಮ, ತಿಂಡಿ, ಎಂಟಕ್ಕೆ ಒಬ್ಬೊಬ್ಬರೇ ಓದು, ಆಮೇಲೆ ಜೊತೆಯಾಗಿ ಓದು, ಹತ್ತು ಗಂಟೆಯ ಹೊತ್ತಿಗೆ ಬೀದಿ. ರಾತ್ರಿ ಒಂಬತ್ತಕ್ಕೆ ಮನೆ, ಹತ್ತೂವರೆಗೆ ದೀಪ ಆರಿಸಬೇಕು. ಸೋಮವಾರ ಸಿದ್ಧತೆಯ ದಿನ: ಬಟ್ಟೆ ಒಗೆಯುವುದು, ಆಲ್ಡಿಯಲ್ಲಿ ಸಾಮಾನು, ಮನೆಗೆ ವಿಡಿಯೊ ಕಾಲ್. 2019ರ ತನಕ ಮನೆಗೆ ಫೋನ್ ವರ್ಷಕ್ಕೆ ಎರಡೇ ಸಲ ಇತ್ತಂತೆ, ಈಗ ವಾರಕ್ಕೊಂದು. ಇದು ವರವೂ ಹೌದು, ಕಾಟವೂ ಹೌದು. ಸೋಮವಾರ ಅಮ್ಮನ ಮುಖ ನೋಡಿದರೆ ಬುಧವಾರದ ತನಕ ಕೆಲಸಕ್ಕೆ ಮನಸ್ಸು ಕೂರುತ್ತಿರಲಿಲ್ಲ.

ಬಾಗಿಲು ತಟ್ಟುವುದರ ಬಗ್ಗೆ ಜಾಸ್ತಿ ಬರೆಯುವುದಕ್ಕೇನೂ ಇಲ್ಲ. ಅಲ್ಲಿಯ ಬಿಳಿಯರು ಮುಖಕ್ಕೇ ಬಾಗಿಲು ಹಾಕುವುದಿಲ್ಲ, ಸಾರಿ ಲವ್ ಅಂತ ಹೇಳಿ ಮೆಲ್ಲಗೆ ಹಾಕುತ್ತಾರೆ. ಬಾಗಿಲು ತೆರೆದು ಒಳಗೆ ಕೂರಿಸುವವರು ಹೊರಗಿನಿಂದ ಬಂದವರೇ. ಸ್ಪ್ರಿಂಗ್ ಬ್ಯಾಂಕ್ ರಸ್ತೆಯಲ್ಲಿ ಕುರ್ದಿಶ್ ಕ್ಷೌರದಂಗಡಿ, ಪೋಲಿಷ್ ಅಂಗಡಿ, ಆಫ್ರಿಕಾದ ಗೆಣಸು ಬಾಳೆಕಾಯಿ ಮಾರುವ ಅಂಗಡಿ ಎಲ್ಲ ಸಾಲಾಗಿವೆ. ನಮ್ಮ ದಿನ ಕಳೆಯುತ್ತಿದ್ದದ್ದು ಅಲ್ಲಿ, ಮತ್ತೆ ವಾರಕ್ಕೆರಡು ಸಂಜೆ ಸಭೆಯ ಕಟ್ಟಡದಲ್ಲಿ ನಡೆಸುತ್ತಿದ್ದ ಉಚಿತ ಇಂಗ್ಲಿಷ್ ತರಗತಿಯಲ್ಲಿ. ಇರಾನ್, ಎರಿಟ್ರಿಯಾ, ಸುಡಾನ್, ಎಲ್ ಸಾಲ್ವಡಾರ್‌ನವರು ಬರುತ್ತಿದ್ದರು. ಆಶ್ರಯ ಕೇಳಿಕೊಂಡು ಬಂದವರಿಗೆ ಕೆಲಸ ಮಾಡುವ ಹಕ್ಕಿರಲಿಲ್ಲ, ಅರ್ಜಿ ವರ್ಷ ದಾಟಿದರೆ ಅನುಮತಿ ಕೇಳಬಹುದಿತ್ತು, ಅದೂ ಕೊರತೆ ಇರುವ ಕೆಲವು ಕೆಲಸಗಳಿಗೆ ಮಾತ್ರ. ಕೈಗೆ ಸಿಗುತ್ತಿದ್ದದ್ದು ವಾರಕ್ಕೆ 49.18 ಪೌಂಡ್, ಊಟ ಹಾಕುವ ಹೋಟೆಲಿನಲ್ಲಿ ಇಟ್ಟಿದ್ದರೆ ಹತ್ತು ಪೌಂಡಿಗೂ ಕಡಿಮೆ. ಆಗ ಬಸ್ಸಿಗೆ ಒಂದು ಕಡೆಗೆ 2 ಪೌಂಡ್ ಮಿತಿ ಇತ್ತು, 2025ರ ಜನವರಿಯಿಂದ 3 ಆಯಿತು. ಲೆಕ್ಕ ಹಾಕಿ ನೋಡಿ, ತರಗತಿಗೆ ಬಂದುಹೋಗಲು ವಾರದ ದುಡ್ಡಿನಲ್ಲಿ ಎಷ್ಟು ಹೋಗುತ್ತದೆ. ಅದಕ್ಕೇ ಎಲ್ಲ ನಡೆದೇ ಬರುತ್ತಿದ್ದರು, ಮಳೆಯಲ್ಲೂ.

ಚಹಾದ ವಿಷಯ ಇಲ್ಲಿ ಶುರುವಾಯಿತು. ಇರಾನಿನ ಒಬ್ಬ ಇಂಜಿನಿಯರ್, ನಮ್ಮ ಚಿಕ್ಕಪ್ಪನ ವಯಸ್ಸಿನವರು, ಹೋಟೆಲಿನ ಲಾಬಿಯಲ್ಲಿ ಕೂರಿಸಿ, ಎಲ್ಲಿಂದಲೋ ಸಂಪಾದಿಸಿದ ಕೆಟಲಿನಲ್ಲಿ ಕೆಂಪು ಚಹಾ ಮಾಡಿ ತಂದರು. ಕೊಡಲು ಅವರ ಹತ್ತಿರ ಇದ್ದದ್ದು ಅದೊಂದೇ. ಬೇಡ ಅಂದಾಗ ಅವರ ಮುಖ ಸಣ್ಣದಾಯಿತು. ಜೊತೆಗಾರ ನಿಯಮ ವಿವರಿಸಲು ಹೋದ, ಅವರಿಗೆ ಅರ್ಥವಾದದ್ದು ಬಡವನ ಲೋಟ ಇವರಿಗೆ ಬೇಡವಂತೆ ಅಂತ ಮಾತ್ರ. ಆಮೇಲೆ ನಾವು ಒಂದು ಉಪಾಯ ಮಾಡಿಕೊಂಡೆವು: ಕೂರುವ ಮೊದಲೇ, ಬಿಸಿನೀರಿಗೆ ನಿಂಬೆ ಹಿಂಡಿ ಕೊಡುತ್ತೀರಾ ಅಂತ ನಾವೇ ಕೇಳುವುದು. ಒಲ್ಲೆ ಅನ್ನುವುದಕ್ಕಿಂತ ಇಂಥದ್ದು ಬೇಕು ಅಂತ ಕೇಳಿದರೆ ಯಾರಿಗೂ ಬೇಜಾರಿಲ್ಲ. ಪುದೀನ ಎಲೆ ಇದ್ದರೆ ಇನ್ನೂ ಒಳ್ಳೆಯದು. ಅಜ್ಜಿಗೆ ಈ ಉತ್ತರ ಹೇಳಿದಾಗ, ‘ಈಗ ಬುದ್ಧಿ ಬಂತು ನೋಡು’ ಅಂದಳು.

ಹಲ್ ರೈಲು ನಿಲ್ದಾಣದ ಹತ್ತಿರ 1871ರಲ್ಲಿ ಕಟ್ಟಿದ ಒಂದು ಹಳೇ ಕಟ್ಟಡವಿದೆ, ವಲಸೆ ಹೋಗುವವರಿಗೆಂದೇ ಕಟ್ಟಿದ ತಂಗುಕೋಣೆ. ಡೆನ್ಮಾರ್ಕ್, ನಾರ್ವೆ, ಸ್ವೀಡನ್ನಿನಿಂದ ಹಡಗಿನಲ್ಲಿ ಬಂದವರು ಇಲ್ಲಿಂದ ರೈಲು ಹತ್ತಿ ಲಿವರ್‌ಪೂಲಿಗೆ ಹೋಗಿ ಅಮೆರಿಕದ ಹಡಗು ಹಿಡಿಯುತ್ತಿದ್ದರು. ಅವರಲ್ಲಿ ಸಾವಿರಾರು ಜನ ನಮ್ಮ ಸಭೆಯವರು, ಸಭೆಯ ಕೇಂದ್ರವಿದ್ದ ಯೂಟಾಗೆ ಹೊರಟವರು. ನನ್ನ ಐಡಹೋ ಜೊತೆಗಾರನ ಮುತ್ತಜ್ಜಿಯ ಅಮ್ಮ ಡೆನ್ಮಾರ್ಕಿನವಳು, ಈ ದಾರಿಯಲ್ಲೇ ಹೋಗಿರಬೇಕು ಅಂತ ಅವನು ಹೇಳಿದ. ವಲಸಿಗರ ಮಗನಾಗಿ ವಲಸಿಗರ ಹತ್ತಿರ ಬಂದಿದ್ದೇನೆ ಅಂತ ಅವನಿಗೆ ಖುಷಿ.

2024ರ ಆಗಸ್ಟ್ 3ರ ಶನಿವಾರ ಅದೇ ನಿಲ್ದಾಣದ ಸುತ್ತ ಗಲಭೆ ಆಯಿತು. ಜುಲೈ 29ರಂದು ಸೌತ್‌ಪೋರ್ಟಿನಲ್ಲಿ ಪುಟ್ಟ ಹುಡುಗಿಯರ ಕೊಲೆಯಾಗಿತ್ತು, ಕೊಂದವನು ದೋಣಿಯಲ್ಲಿ ಬಂದ ಆಶ್ರಯಾರ್ಥಿ ಅಂತ ಸುಳ್ಳು ಸುದ್ದಿ ಹಬ್ಬಿ ದೇಶದ ಎಷ್ಟೋ ಊರುಗಳಲ್ಲಿ ಜನ ಬೀದಿಗಿಳಿದರು. ಹಲ್‌ನಲ್ಲಿ ಆಶ್ರಯಾರ್ಥಿಗಳಿದ್ದ ಹೋಟೆಲಿಗೆ ಕಲ್ಲು ಬಿತ್ತು, ಅಂಗಡಿಗಳು ಲೂಟಿಯಾದವು, ಬೆಂಕಿ ಬಿತ್ತು. ಮರುದಿನ ರಾಥರಮ್‌ನಲ್ಲಿ ಇಂಥದೇ ಇನ್ನೊಂದು ಹೋಟೆಲಿಗೆ ಬೆಂಕಿ ಇಡಲು ಹೋದರು. ಆ ಭಾಗದ ಮಿಷನರಿಗಳನ್ನೆಲ್ಲ ನೋಡಿಕೊಳ್ಳುವ ಮಿಷನ್ ಅಧ್ಯಕ್ಷರಿಂದ ಮನೆ ಬಿಟ್ಟು ಹೊರಬೀಳಬೇಡಿ ಅಂತ ಮೆಸೇಜ್ ಬಂತು. ಜೊತೆಗಾರ ನನ್ನನ್ನೇ ನೋಡುತ್ತಿದ್ದ. ಅವನು ಬಿಳಿಯ, ನಾನು ಕಂದು, ಎದೆಯ ಮೇಲಿನ ಫಲಕ ಓದುವಷ್ಟು ಹತ್ತಿರ ಯಾರೂ ಬರುವುದಿಲ್ಲ. ಅಮ್ಮನಿಗೆ ಅವತ್ತು ಫೋನ್ ಮಾಡಲು ವಿಶೇಷ ಅನುಮತಿ ಕೊಟ್ಟರು. ಕ್ಷೇಮ ಅಂದೆ, ನಂಬಲಿಲ್ಲ, ವಿಡಿಯೊದಲ್ಲಿ ಕಿಟಕಿ ತೋರಿಸು ಅಂದರು. ಮತ್ತೆ ಹೊರಗೆ ಹೋದ ದಿನ ತರಗತಿಗೆ ಅರ್ಧದಷ್ಟೇ ಜನ ಬಂದಿದ್ದರು. ಇಂಗ್ಲಿಷ್ ಪಾಠ ಮಾಡಲಿಲ್ಲ. ಸ್ಥಳೀಯ ಸದಸ್ಯೆಯರು ಬೇಯಿಸಿ ತಂದಿದ್ದ ಊಟ ಎಲ್ಲರೂ ಕೂತು ಉಂಡೆವು, ಆಮೇಲೆ ಬಿಷಪ್ ಮತ್ತು ಇನ್ನಿಬ್ಬರು ತಮ್ಮ ಕಾರುಗಳಲ್ಲಿ ಎಲ್ಲರನ್ನೂ ಬಿಟ್ಟುಬಂದರು.

ಸುಮಾರು ಆರು ವಾರಕ್ಕೊಮ್ಮೆ ವರ್ಗಾವಣೆಯ ಸಮಯ. ಕೆಲವರು ಉಳಿಯುತ್ತಾರೆ, ಕೆಲವರು ಹೋಗುತ್ತಾರೆ. ನನಗೆ ಲೀಡ್ಸ್ ಬಂತು, ಹೇರ್‌ಹಿಲ್ಸ್ ಕಡೆ. ಹೊಸ ಜೊತೆಗಾರ ಘಾನಾದವನು. ಇಬ್ಬರೂ ವೀಸಾದ ಮೇಲೆ ಬಂದವರು, ಅದು ಆ ಚಳಿಗಾಲದಲ್ಲಿ ತುಂಬ ಉಪಯೋಗಕ್ಕೆ ಬಂತು.

ಏನಾಯಿತೆಂದರೆ, ಬ್ರಿಟನ್ ಸರ್ಕಾರ ವಲಸಿಗರಿಗೆ ಕೊಡುತ್ತಿದ್ದ ಗುರುತಿನ ಕಾರ್ಡುಗಳನ್ನು ನಿಲ್ಲಿಸಿ ಎಲ್ಲವನ್ನೂ ಇ-ವೀಸಾ ಮಾಡಿತು. ವೀಸಾ 2026ರ ತನಕ ಇದ್ದರೂ, ಶಾಶ್ವತ ವಾಸದ ಹಕ್ಕೇ ಇದ್ದರೂ, ಕಾರ್ಡಿನ ಮೇಲೆ ಮುಗಿಯುವ ದಿನ 31 ಡಿಸೆಂಬರ್ 2024 ಅಂತಲೇ ಅಚ್ಚಾಗಿತ್ತು. ನನ್ನದರಲ್ಲೂ ಹಾಗೇ. ಇಂಟರ್‌ನೆಟ್ ಗೊತ್ತಿದ್ದವನಿಗೆ ಇದು ಅರ್ಧ ಗಂಟೆಯ ಕೆಲಸ: ಖಾತೆ ತೆರೆ, ಆ್ಯಪಿನಲ್ಲಿ ಕಾರ್ಡ್ ಸ್ಕ್ಯಾನ್ ಮಾಡು, ಮುಖ ತೋರಿಸು. ಆದರೆ ಇಪ್ಪತ್ತು ವರ್ಷದಿಂದ ಅಲ್ಲೇ ಶೌಚಾಲಯ ತೊಳೆದು ಬದುಕಿದ ಕಾಂಗೋದ ಒಬ್ಬ ತಾಯಿ, ಜನವರಿ ಒಂದನೇ ತಾರೀಖು ತನ್ನನ್ನು ಹಿಡಿದು ವಿಮಾನ ಹತ್ತಿಸುತ್ತಾರೆ ಅಂತ ನಂಬಿ ರಾತ್ರಿ ನಿದ್ದೆ ಬಿಟ್ಟಿದ್ದರು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಸಂಜೆಯೆಲ್ಲ ಲೈಬ್ರರಿಯಲ್ಲಿ ಕೂತು ಒಬ್ಬೊಬ್ಬರದೇ ಫೋನ್ ಹಿಡಿದು ಮುಖ ಸ್ಕ್ಯಾನ್ ಮಾಡಿಸುತ್ತಿದ್ದೆವು. ಕತ್ತಲೆ ಮುಖವನ್ನು ಆ್ಯಪ್ ಬೇಗ ಒಪ್ಪುತ್ತಿರಲಿಲ್ಲ, ಕಿಟಕಿಯ ಹತ್ತಿರ ಬೆಳಕೂ ಇರುತ್ತಿರಲಿಲ್ಲ. ಘಾನಾದವನು ಟೇಬಲ್ ಲ್ಯಾಂಪ್ ಎತ್ತಿ ಹಿಡಿಯುವವನು, ನಾನು ಒತ್ತುವವನು.

ಹೊರಡುವವರು ಇದೊಂದನ್ನು ಗಟ್ಟಿಯಾಗಿ ನೆನಪಿಡಿ: ಅಲ್ಲಿ ನೋಂದಣಿ ಇಲ್ಲದವರು ವಲಸೆಯ ಬಗ್ಗೆ ಸಲಹೆ ಕೊಡುವುದು 1999ರ ಕಾನೂನಿನ ಪ್ರಕಾರ ಅಪರಾಧ. ಫೋನ್ ಹಿಡಿಯಿರಿ, ಅವರು ಹೇಳಿದ್ದನ್ನು ಟೈಪ್ ಮಾಡಿ, ನೋಂದಾಯಿತ ಸಲಹೆಗಾರರ ಹತ್ತಿರ ಜೊತೆಗೆ ಹೋಗಿ ಕೂರಿ. ಯಾವ ಅರ್ಜಿ ಹಾಕಬೇಕು, ಏನು ಹೇಳಿದರೆ ಒಳ್ಳೆಯದು ಅಂತ ಬಾಯಿ ಬಿಡಬೇಡಿ. ನೈಜೀರಿಯಾದ ಒಬ್ಬ ಅಕ್ಕ ವೃದ್ಧರ ಆರೈಕೆಯ ಕೆಲಸಕ್ಕೆ ಊರಿನ ಮನೆ ಮಾರಿ ಏಜೆಂಟನಿಗೆ ದುಡ್ಡು ಸುರಿದು ಬಂದಿದ್ದರು. ಕರೆಸಿಕೊಂಡ ಕಂಪನಿಯ ಪರವಾನಗಿ ರದ್ದಾಯಿತು. ಹೊಸ ಕೆಲಸ, ಹೊಸ ಸ್ಪಾನ್ಸರ್ ಹುಡುಕಿಕೊಳ್ಳಲು 60 ದಿನ. ಎಲ್ಡರ್, ನಾನೇನು ಮಾಡಲಿ, ನೀವೇ ಹೇಳಿ ಅಂತ ಕೇಳಿದಾಗ ನನ್ನ ವಯಸ್ಸು 19. ಪ್ರಾರ್ಥನೆ ಮಾಡಿದೆವು, ಉಚಿತ ಕಾನೂನು ನೆರವು ಕೊಡುವ ಕಡೆ ಕರೆದುಕೊಂಡು ಹೋದೆವು, ಅಲ್ಲಿ ಸಾಲಿನಲ್ಲಿ ಕೂತೆವು. ವಲಸಿಗರ ನಡುವಿನ ಮಿಷನ್ ಅಂದರೆ ಮುಕ್ಕಾಲು ಪಾಲು ಇದೇ, ಇನ್ನೊಬ್ಬರ ಸರದಿ ಬರುವ ತನಕ ಅವರ ಪಕ್ಕದ ಕುರ್ಚಿಯಲ್ಲಿ ಕೂರುವುದು. ತರಬೇತಿಯಲ್ಲಿ ಪಾಠ ಹೇಳಿಕೊಡುವುದನ್ನು ಕಲಿಸುತ್ತಾರೆ. ಸುಮ್ಮನೆ ಕೂರುವುದನ್ನು ನನಗೆ ಕಲಿಸಿದ್ದು ವೀಸಾಕ್ಕೆ ಕಾದು ಕೂತ ಬೆಂಗಳೂರಿನ ಆ ಫೆಬ್ರುವರಿ, ಮಾರ್ಚ್ ತಿಂಗಳು.

ಈಗ ಎಲ್ಲಕ್ಕಿಂತ ನಾಜೂಕಿನ ಸಂಗತಿ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ನಿಷೇಧದ ಕಾನೂನು ಬಂದಾಗ ನಾನು ಪಿಯುಸಿಯಲ್ಲಿದ್ದೆ. ಆಮಿಷ ಒಡ್ಡಿ ಮತಕ್ಕೆ ಎಳೆಯುತ್ತೀರಿ ಅನ್ನುವ ಮಾತನ್ನು ಕ್ಲಾಸಿನಲ್ಲಿ, ಬೀದಿಯಲ್ಲಿ, ಟಿವಿಯಲ್ಲಿ ಕೇಳಿಯೇ ಬೆಳೆದವನು. ಅಕ್ಕಿಮೂಟೆಗೆ ಬದಲಾದವರು ಅಂತ ನಮ್ಮ ಮನೆಯವರನ್ನೇ ಅಂದದ್ದುಂಟು. ಹಾಗಾಗಿ ಕಷ್ಟದಲ್ಲಿರುವವನಿಗೆ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಮಾರ್ಮನ್ ಗ್ರಂಥ ಹಿಡಿದುಕೊಂಡು ನಿಂತಾಗ ನನಗೆ ಒಳಗೊಳಗೇ ಕಸಿವಿಸಿ. ಅಮೆರಿಕದ ಹುಡುಗರಿಗೆ ಈ ಕಸಿವಿಸಿ ಇಲ್ಲ, ಅವರಿಗೆ ಎರಡೂ ಪ್ರೀತಿಯ ಕೆಲಸವೇ. ಇಂಗ್ಲೆಂಡಿನಲ್ಲಿ ಇದು ಬೇರೆ ವೇಷದಲ್ಲಿತ್ತು. ಆಶ್ರಯ ಸಿಗಲೆಂದು ಜನ ಕ್ರೈಸ್ತರಾಗುತ್ತಿದ್ದಾರೆ, ಚರ್ಚುಗಳು ಕಣ್ಣುಮುಚ್ಚಿ ದೀಕ್ಷೆ ಕೊಡುತ್ತಿವೆ ಅಂತ 2024ರ ಆರಂಭದಿಂದ ಪತ್ರಿಕೆಗಳಲ್ಲಿ, ಪಾರ್ಲಿಮೆಂಟಿನಲ್ಲಿ ದೊಡ್ಡ ಗದ್ದಲ ನಡೆಯುತ್ತಿತ್ತು. ಇಸ್ಲಾಂ ಬಿಟ್ಟವನನ್ನು ಇರಾನಿಗೆ ವಾಪಸ್ ಕಳಿಸಿದರೆ ಅವನ ಜೀವಕ್ಕೆ ಅಪಾಯ, ಅದಕ್ಕೆ ಆ ಅರ್ಜಿಗಳಿಗೆ ತೂಕ.

ಹಲ್‌ನ ಆ ಇಂಜಿನಿಯರ್ ಬಹಳ ಕಾಲ ನಮ್ಮಿಂದ ಧರ್ಮದ ಪಾಠ ಕೇಳಿದರು. ಒಳ್ಳೊಳ್ಳೆ ಪ್ರಶ್ನೆ ಕೇಳುತ್ತಿದ್ದರು, ಉಪವಾಸದ ಭಾನುವಾರ ನಮ್ಮೊಂದಿಗೆ ಎರಡು ಹೊತ್ತು ಉಪವಾಸವೂ ಇದ್ದರು. ಒಂದು ದಿನ, ನಾನು ನಂಬಿಕೆಯಿಂದ ಬರುತ್ತಿದ್ದೇನೆ ಅಂತ ಒಂದು ಪತ್ರ ಬರೆದುಕೊಡಿ, ವಕೀಲರು ಕೇಳಿದ್ದಾರೆ ಅಂದರು. ನಂಬಿಕೆಯೋ, ಕಾಗದವೋ? ಅವರ ಮುಖ ನೋಡಿದರೆ ಎರಡೂ ನಿಜ ಅನ್ನಿಸಿತು. ಹೆದರಿ ಓಡಿಬಂದ ಮನುಷ್ಯನಿಗೆ ದೇವರು ಬೇಕಾಗಬಾರದು ಅಂತೇನಿಲ್ಲವಲ್ಲ. ಮಿಷನ್ ಅಧ್ಯಕ್ಷರನ್ನು ಕೇಳಿದೆವು. ಮಿಷನರಿಗಳು ಇಂಥ ಪತ್ರ ಬರೆಯಬಾರದು, ಇಂತಿಷ್ಟು ಕಾಲದಿಂದ ಸಭೆಗೆ ಬರುತ್ತಿದ್ದಾರೆ ಅನ್ನುವುದನ್ನಷ್ಟೇ ಬಿಷಪ್ ಬರೆದುಕೊಡಬಹುದು, ಮನಸ್ಸಿನ ಒಳಗಿರುವುದಕ್ಕೆ ನಾವ್ಯಾರೂ ಸಾಕ್ಷಿ ಅಲ್ಲ ಅಂದರು. ದೀಕ್ಷಾಸ್ನಾನಕ್ಕೂ ಆತುರ ಬೇಡ ಅಂದರು. ನನಗೆ ಆ ಮಾತು ಸರಿ ಅನ್ನಿಸಿತು, ಜೊತೆಗಾರನಿಗೆ ತಣ್ಣಗಿನ ಮಾತು ಅನ್ನಿಸಿತು. ಗಲಭೆಯ ನಂತರದ ಒಂದು ಬೆಳಿಗ್ಗೆ ಹೋಟೆಲಿಗೆ ಹೋದರೆ ಅವರನ್ನು ಹಿಂದಿನ ರಾತ್ರಿಯೇ ಬೇರೆ ಊರಿಗೆ ಸಾಗಿಸಿದ್ದರು. ಬಿಷಪ್ ಬರೆದ ಕಾಗದ ಅವರ ಹತ್ತಿರ ಇತ್ತು. ತಿಂಗಳುಗಳಾದ ಮೇಲೆ ಒಂದು ಮೆಸೇಜ್ ಬಂತು, ಕಾರ್ಡಿಫಿನಲ್ಲಿ ಇದ್ದೇನೆ, ಇನ್ನೂ ಕಾಯುತ್ತಿದ್ದೇನೆ, ನಿಂಬೆನೀರು ಕುಡಿಯುವಾಗ ನಿಮ್ಮ ನೆನಪಾಗುತ್ತದೆ ಅಂತ.

ಆಮೇಲೆ ನಾನು ನನಗೇ ಒಂದು ಕಟ್ಟುಪಾಡು ಹಾಕಿಕೊಂಡೆ. ಫಾರಂ ತುಂಬಲು, ಸಾಮಾನು ಹೊರಲು, ಇಂಗ್ಲಿಷ್ ಕಲಿಸಲು ಹೋದ ದಿನ ಧರ್ಮದ ಮಾತು ನಾನಾಗಿ ಎತ್ತುತ್ತಿರಲಿಲ್ಲ. ಅವರೇ ಕೇಳಿದರೆ ಇನ್ನೊಂದು ದಿನ ಗೊತ್ತುಮಾಡುತ್ತಿದ್ದೆ. ವಾರದ ವರದಿಯಲ್ಲಿ ನಾನು ಹೇಳಿದ ಪಾಠಗಳ ಅಂಕಿ ಅದರಿಂದ ಕಡಿಮೆಯಾಗುತ್ತಿತ್ತು, ಒಬ್ಬಿಬ್ಬರು ನಾಯಕ ಹುಡುಗರಿಗೆ ಇದು ಹಿಡಿಸಲಿಲ್ಲ. ನೀವೂ ಹೀಗೇ ಮಾಡಿ ಅಂತ ಹೇಳುವುದಿಲ್ಲ. ಆದರೆ ನಮ್ಮ ರಾಜ್ಯದಿಂದ ಹೋದವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ, ವಿಮಾನ ಹತ್ತುವ ಮೊದಲೇ ಸ್ವಲ್ಪ ಯೋಚಿಸಿಕೊಂಡಿರಿ.

ಬ್ರಾಡ್‌ಫರ್ಡಿನಲ್ಲಿದ್ದಾಗ 2025ರ ಮಾರ್ಚ್ ಪೂರ್ತಿ ರಂಜಾನ್. ಊರಿನ ದೊಡ್ಡ ಪಾಲು ಮೀರ್‌ಪುರದ ಕಡೆಯಿಂದ ಬಂದ ಪಾಕಿಸ್ತಾನಿ ಮನೆತನಗಳು. ನಾನು ಭಾರತದವನು, ಕ್ರೈಸ್ತ, ಅದರಲ್ಲೂ ಅವರು ಕೇಳಿಯೇ ಇರದ ಪಂಗಡ. ನನ್ನ ಅರೆಬರೆ ಹಿಂದಿ ಅಲ್ಲಿ ಉರ್ದುವಾಗಿ ಚಲಾವಣೆಯಾಯಿತು. ಯಾರೂ ಪಾಠ ಕೇಳಲಿಲ್ಲ, ಎಲ್ಲರೂ ಇಫ್ತಾರಿಗೆ ಕರೆದರು. ತೂಕ ಏರಿತು.

ಅಲ್ಲೇ ಒಂದು ಸಂಜೆ ಬಸ್ ನಿಲ್ದಾಣದ ಹತ್ತಿರ ಊಟ ತಲುಪಿಸುವ ಚೀಲ ಬೆನ್ನಿಗೆ ಹಾಕಿಕೊಂಡು ಸೈಕಲ್ ಒತ್ತಿಕೊಂಡು ಬರುತ್ತಿದ್ದ ಒಬ್ಬ, ಫೋನಿನಲ್ಲಿ ‘ಲೇ, ಆಮೇಲ್ ಮಾಡ್ತೀನಿ ಬಿಡಲೇ’ ಅಂದ. ನಾನು ನಿಂತುಬಿಟ್ಟೆ. ದಾವಣಗೆರೆಯವನು, ಎಂಎಸ್‌ಸಿ ಓದಲು ಬಂದವನು, ಊರಿನಲ್ಲಿ ಸಾಲ. ಓದುವ ವೀಸಾದವರು ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು, ಇಂಥ ಸ್ವಂತ ಕೆಲಸ ಮಾಡುವಂತೆಯೇ ಇಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ. ನನ್ನ ಫಲಕ ಓದಿ, ‘ಇದೇನ್ ಗುರೂ, ಮನೇಲಿ ಒಪ್ಪಿದ್ರಾ?’ ಅಂದ. ಚರ್ಚಿಗೆಲ್ಲ ಬರಲ್ಲ, ಬೇಜಾರಾಗಬೇಡ, ಆದರೆ ಸೋಮವಾರ ಸಿಗೋಣ ಅಂದ. ಸಿದ್ಧತೆಯ ದಿನಗಳಲ್ಲಿ ಸಭೆಯ ಜಿಮ್ ಹಾಲಿನಲ್ಲಿ ಬ್ಯಾಡ್ಮಿಂಟನ್ ಆಡಿದೆವು. ಅಲ್ಲಿದ್ದಷ್ಟು ದಿನ ನಾನು ಎದುರಾಎದುರು ಕನ್ನಡ ಮಾತಾಡಿದ್ದು ಅವನೊಬ್ಬನ ಜೊತೆ. ಪಕ್ಕದಲ್ಲಿ ನಿಂತ ಜೊತೆಗಾರನಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ನಾನು ಇಷ್ಟು ನಗುತ್ತೇನೆ ಅಂತ ಗೊತ್ತೇ ಇರಲಿಲ್ಲ ಅಂದ.

ನಗು ನಿಂತುಹೋದ ಕಾಲವೂ ಇತ್ತು. ಮಿಡಲ್ಸ್‌ಬರೋದಲ್ಲಿ, ಎರಡನೇ ಚಳಿಗಾಲ, ಬೆಳಿಗ್ಗೆ ಏಳಲು ಆಗುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಇದು ನಂಬಿಕೆ ಸಾಲದ್ದರಿಂದ ಅಂತ ಹುಡುಗರು ತಿಳಿದುಕೊಂಡು ಬಾಯಿ ಮುಚ್ಚಿಕೊಂಡಿರುತ್ತಾರೆ. ಮಿಷನ್ ಅಧ್ಯಕ್ಷರ ಹೆಂಡತಿಗೆ ಹೇಳಿದೆ, ಸಭೆಯ ಸಲಹೆಗಾರರೊಬ್ಬರ ಜೊತೆ ವಿಡಿಯೊದಲ್ಲಿ ಮಾತಾಡುವ ವ್ಯವಸ್ಥೆ ಮಾಡಿಸಿದರು, ವೈದ್ಯರು ವಿಟಮಿನ್ ಡಿ ಬರೆದುಕೊಟ್ಟರು. ಆ ಆರೋಗ್ಯ ಶುಲ್ಕ ಕಟ್ಟಿದ್ದು ಇದಕ್ಕೇ, ಬಳಸಿಕೊಳ್ಳಿ. ನಮ್ಮ ಬಣ್ಣದ ಚರ್ಮಕ್ಕೆ ಅಲ್ಲಿಯ ಬಿಸಿಲು ಸಾಲುವುದಿಲ್ಲ, ಅಕ್ಟೋಬರಿನಿಂದಲೇ ಮಾತ್ರೆ ಶುರುಮಾಡಿ ಅಂತ ಆ ವೈದ್ಯರೇ ಹೇಳಿದರು.

ವಾಪಸಾತಿಯ ಬಗ್ಗೆ ಯಾರೂ ಹೇಳದ ಒಂದು ವಿಷಯ. ಊರಿಗೆ ಬಂದ ದಿನ ಸ್ಟೇಕ್ ಅಧ್ಯಕ್ಷರು ಬಿಡುಗಡೆ ಮಾಡುತ್ತಾರೆ, ಫಲಕ ತೆಗೆದಿಡಬೇಕು, ಅಲ್ಲಿಗೆ ನೀವು ಎಲ್ಡರ್ ಅಲ್ಲ, ಮನೆಯ ಮಗ. ಕಾಫಿ ಡಿಕಾಕ್ಷನ್ ವಾಸನೆ ಪಕ್ಕದ ಮನೆಯಿಂದ ಬರುವುದೂ ಹಾಗೇ, ಕುಡಿಯುವಂತಿಲ್ಲದಿರುವುದೂ ಹಾಗೇ. ಕಾಲೇಜಿಗೆ ಮತ್ತೆ ಸೇರಲು ಹೋದರೆ ಗ್ಯಾಪ್ ಅಫಿಡವಿಟ್ ಕೇಳಿದರು: ಎರಡು ವರ್ಷ ಎಲ್ಲೂ ಓದಿಲ್ಲ, ಯಾವ ಕ್ರಿಮಿನಲ್ ಕೇಸೂ ಇಲ್ಲ ಅಂತ ಸ್ಟ್ಯಾಂಪ್ ಪೇಪರಿನ ಮೇಲೆ ನೋಟರಿ ಮಾಡಿಸಿದ ಹೇಳಿಕೆ. ಈ ಅವಧಿಯಲ್ಲಿ ಏನು ಮಾಡುತ್ತಿದ್ದಿರಿ ಅನ್ನುವ ಕಡೆ ಟೈಪ್ ಮಾಡುವವರು ‘ಅನಾರೋಗ್ಯ’ ಅಂತ ಹಾಕ್ಲಾ, ಎಲ್ಲರೂ ಅದೇ ಹಾಕಿಸ್ತಾರೆ ಅಂದರು. ಧಾರ್ಮಿಕ ಸೇವೆ, ಇಂಗ್ಲೆಂಡ್ ಅಂತ ಹಾಕಿ ಅಂದೆ. ಹಾಗಾದರೆ ಪಾಸ್‌ಪೋರ್ಟಿನ ಜೆರಾಕ್ಸ್, ವೀಸಾದ ಪ್ರಿಂಟ್ ಬೇಕು ಅಂದರು. ಇ-ವೀಸಾ ಖಾತೆಯಿಂದ ಹೊರಡುವ ಮೊದಲೇ ಎಲ್ಲವನ್ನೂ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಖಾತೆ ತೆರೆದಾಗ ಕೊಟ್ಟ ಫೋನ್ ನಂಬರ್ ಅಲ್ಲಿಯದಾಗಿದ್ದರೆ, ಇಲ್ಲಿ ಕೂತು ಅದರೊಳಗೆ ಹೋಗಲು ಆ ನಂಬರಿಗೆ ಬರುವ ಕೋಡ್ ನಿಮಗೆ ಸಿಗುವುದಿಲ್ಲ. ನನ್ನ ಕೋಡು ಈಗ ಲೀಡ್ಸಿನಲ್ಲಿರುವ ಘಾನಾದವನ ಫೋನಿಗೆ ಹೋಗುತ್ತದೆ, ಅವನು ಸೋಮವಾರ ಮಾತ್ರ ನೋಡುತ್ತಾನೆ.